ಜೂನ್ 1 ಅಥವಾ ಜನವರಿ 6: ಬರಹವನ್ನು ದಿನಾಂಕವಾಗಿಸುವ ಕೆಲಸ

01/06/1965 ಎಂದು ಬರೆದ ಚೀಟಿಯನ್ನು ನಮ್ಮ ಕಡೆಯ ಯಾವ ಗುಮಾಸ್ತರ ಮುಂದಿಟ್ಟರೂ ಅವರು ಅದನ್ನು 1965ರ ಜೂನ್ 1 ಎಂದೇ ಓದುತ್ತಾರೆ. ಅಷ್ಟೇ ಅಲ್ಲ, ಇದು ನಿಜವಾದ ಜನ್ಮದಿನಾಂಕ ಆಗಿರಲಾರದು, ಮಗುವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಲೆಕ್ಕ ಹಾಕಿ ಬರೆದುಕೊಂಡದ್ದಿರಬೇಕು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದ ಹಿಂದಿನ ತಲೆಮಾರಿನ ಅನೇಕರಿಗೆ ದಾಖಲೆಗಳಲ್ಲಿ ಜೂನ್ 1 ಅಂಟಿಕೊಂಡಿರುವುದು ಹೀಗೆ. ಇದೇ ಬರಹವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಡೇಟ್‌ಯುಟಿಲ್ ಲೈಬ್ರರಿಗೆ, ಎಂದರೆ ದಿನಾಂಕಗಳನ್ನು ಓದಿಕೊಡಲು ಮೊದಲೇ ಬರೆದಿಟ್ಟ ಪ್ರೋಗ್ರಾಂಗಳ ಕಟ್ಟಿಗೆ, ಕೊಟ್ಟರೆ 1965ರ ಜನವರಿ 6 ಎಂಬ ಉತ್ತರ ಬರುತ್ತದೆ. ಜಾವಾಸ್ಕ್ರಿಪ್ಟ್‌ ಮತ್ತು ಪಿಎಚ್‌ಪಿ ಭಾಷೆಗಳು ಕೂಡ ಅದನ್ನೇ ಹೇಳುತ್ತವೆ. ಎಲ್ಲಿಯೂ ಎರರ್ ಬರುವುದಿಲ್ಲ, ಎಚ್ಚರಿಕೆಯ ಸಾಲೂ ಕಾಣುವುದಿಲ್ಲ.

ಆ ಚೀಟಿಯಲ್ಲಿರುವುದು ಮೂರು ಸಂಖ್ಯೆಗಳು ಮತ್ತು ಎರಡು ಓರೆಗೆರೆಗಳು ಮಾತ್ರ. ಮೊದಲು ದಿನ, ಆಮೇಲೆ ತಿಂಗಳು ಎಂಬ ತಿಳಿವಳಿಕೆ ಚೀಟಿಯಲ್ಲಿಲ್ಲ. ಅದಿರುವುದು ಗುಮಾಸ್ತರ ತಲೆಯಲ್ಲಿ. ಪ್ರೋಗ್ರಾಂ ಬರೆಯುವವರು ಸ್ಟ್ರಿಂಗ್ ಒಂದನ್ನು, ಎಂದರೆ ಅಕ್ಷರಗಳ ಸಾಲೊಂದನ್ನು, ದಿನಾಂಕವಾಗಿ ಪರಿವರ್ತಿಸುವಾಗ ಇರುವ ಮಾಹಿತಿಯ ರೂಪವನ್ನಷ್ಟೇ ಬದಲಿಸುತ್ತಿದ್ದೇವೆ ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವರು ಬರಹದಲ್ಲಿ ಇಲ್ಲದ ಮಾಹಿತಿಯನ್ನು ಹೊರಗಿನಿಂದ ತಂದು ಸೇರಿಸುತ್ತಿರುತ್ತಾರೆ. ಯಾವ ಸಂಖ್ಯೆ ತಿಂಗಳು, ಎರಡೇ ಅಂಕಿಯ ವರ್ಷವಾದರೆ ಯಾವ ಶತಮಾನ, ಗಂಟೆ ಬರೆದಿದ್ದರೆ ಯಾವ ಊರಿನ ಗಡಿಯಾರ ಎಂಬುದನ್ನು ಯಾರಾದರೂ ನಿರ್ಧರಿಸಲೇಬೇಕು. ನಾವು ನಿರ್ಧರಿಸದಿದ್ದರೆ ಲೈಬ್ರರಿ ನಿರ್ಧರಿಸುತ್ತದೆ, ಮತ್ತು ಆ ಲೈಬ್ರರಿಯನ್ನು ಬರೆದವರು ಬಹುಮಟ್ಟಿಗೆ ಅಮೆರಿಕದ ಬರವಣಿಗೆಯ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡವರು.

ತೊಂದರೆ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ದಿನದ ಸಂಖ್ಯೆ 12 ಅಥವಾ ಅದಕ್ಕಿಂತ ಕಡಿಮೆ ಇರುವ ದಿನಾಂಕಗಳು ವರ್ಷಕ್ಕೆ 144. ಅವುಗಳಲ್ಲಿ 1/1, 2/2 ಮೊದಲಾದ 12ನ್ನು ಯಾವ ಕ್ರಮದಲ್ಲಿ ಓದಿದರೂ ಅರ್ಥ ಒಂದೇ. ಉಳಿದ 132 ದಿನಾಂಕಗಳನ್ನು, ಎಂದರೆ ವರ್ಷದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು, ತಪ್ಪಾಗಿ ಓದಿದರೂ ಸಿಗುವುದು ಕ್ಯಾಲೆಂಡರ್‌ನಲ್ಲಿ ಇರುವ ಒಂದು ದಿನವೇ. ಆದ್ದರಿಂದ ಯಾವ ತಪಾಸಣೆಗೂ ಅದು ಸಿಕ್ಕಿಬೀಳುವುದಿಲ್ಲ. ಜೂನ್ 1 ಆ 132ರ ಗುಂಪಿನಲ್ಲಿದೆ ಎಂಬುದು ನಮ್ಮ ದಾಖಲೆಗಳ ಮಟ್ಟಿಗೆ ದುರದೃಷ್ಟ.

ಡೇಟ್‌ಯುಟಿಲ್‌ನ ವರ್ತನೆಯಲ್ಲಿ ಇದಕ್ಕಿಂತ ಅಪಾಯದ ಗುಣವೊಂದಿದೆ. 12/02/2024 ಎಂದು ಕೊಟ್ಟರೆ ಅದು ಡಿಸೆಂಬರ್ 2 ಎನ್ನುತ್ತದೆ. 13/02/2024 ಎಂದು ಕೊಟ್ಟರೆ, ಹದಿಮೂರನೆಯ ತಿಂಗಳು ಇಲ್ಲದ ಕಾರಣ, ಸದ್ದಿಲ್ಲದೆ ಕ್ರಮವನ್ನು ತಿರುಗಿಸಿಕೊಂಡು ಫೆಬ್ರವರಿ 13 ಎನ್ನುತ್ತದೆ. ಕೋಷ್ಟಕಗಳನ್ನು ನಿರ್ವಹಿಸುವ ಪೈಥಾನ್‌ನ ಪಾಂಡಾಸ್ ಲೈಬ್ರರಿಯ ಹಳೆಯ ಆವೃತ್ತಿಗಳು ಇಡೀ ಕಾಲಂ ಅನ್ನು ಹೀಗೆ ಸಾಲು ಸಾಲಾಗಿ ಬೇರೆ ಬೇರೆ ಕ್ರಮದಲ್ಲಿ ಓದುತ್ತಿದ್ದವು. ಒಂದೇ ಕಡತದಲ್ಲಿ ಪಕ್ಕಪಕ್ಕದ ಎರಡು ದಿನಗಳ ನಡುವೆ ಹತ್ತು ತಿಂಗಳ ಅಂತರ ಬಂದುಬಿಡುತ್ತಿತ್ತು. 2023ರಲ್ಲಿ ಬಂದ 2.0 ಆವೃತ್ತಿಯಿಂದ ಅದು ಕಾಲಂನ ಮೊದಲ ಮೌಲ್ಯವನ್ನು ನೋಡಿ ಒಂದು ಕ್ರಮವನ್ನು ಊಹಿಸಿ, ಉಳಿದ ಸಾಲುಗಳೂ ಅದಕ್ಕೆ ಹೊಂದಬೇಕೆಂದು ಒತ್ತಾಯಿಸುತ್ತದೆ, ಹೊಂದದಿದ್ದರೆ ಎರರ್ ಕೊಡುತ್ತದೆ. ಇದು ಒಳ್ಳೆಯ ಬದಲಾವಣೆಯೇ. ಆದರೂ ಕಾಲಂನ ಎಲ್ಲ ದಿನಗಳೂ ತಿಂಗಳ ಮೊದಲ ಹನ್ನೆರಡು ದಿನಗಳೊಳಗೆ ಬಿದ್ದರೆ, ಉದಾಹರಣೆಗೆ ಪ್ರತಿ ತಿಂಗಳ 5ರಂದು ಕಟ್ಟುವ ಕಂತಿನ ಪಟ್ಟಿಯಾದರೆ, ಎರರ್ ಬರಲು ಕಾರಣವೇ ಇರುವುದಿಲ್ಲ. 05/01, 05/02, 05/03 ಎಂಬ ಜನವರಿ, ಫೆಬ್ರವರಿ, ಮಾರ್ಚ್‌ನ ಕಂತುಗಳು ಮೇ ತಿಂಗಳ 1, 2, 3ನೇ ತಾರೀಖಿನ ಮೂರು ಕಂತುಗಳಾಗಿ ಕುಳಿತುಕೊಳ್ಳುತ್ತವೆ. ಪಿಎಚ್‌ಪಿಯದು ಇನ್ನೊಂದು ಬಗೆ: ನಡುವೆ ಓರೆಗೆರೆ ಇದ್ದರೆ ಅಮೆರಿಕದ ಕ್ರಮ, ಅಡ್ಡಗೆರೆ ಇದ್ದರೆ ದಿನ ಮೊದಲು. 01/06/1965 ಜನವರಿಯಾದರೆ 01-06-1965 ಜೂನ್. ದಸ್ತಾವೇಜಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ ಎಂಬುದು ನಿಜ, ಆದರೆ ಡೇಟಾ ಎಂಟ್ರಿಗೆ ಕುಳಿತವರು ಯಾವ ಗೆರೆ ಹಾಕಬೇಕೆಂದು ಆ ದಸ್ತಾವೇಜನ್ನು ಓದಿ ತೀರ್ಮಾನಿಸುವುದಿಲ್ಲ.

ಕಡತ ನಮ್ಮ ಪ್ರೋಗ್ರಾಂಗೆ ಬರುವ ಮೊದಲೇ ಎಕ್ಸೆಲ್‌ನಲ್ಲಿ ಹಾಳಾಗಿರುವುದೂ ಉಂಟು. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 12/01/2024 ಎಂದು ಟೈಪ್ ಮಾಡಿದ್ದು ಡಿಸೆಂಬರ್ 1 ಎಂಬ ದಿನಾಂಕವಾಗಿ ಕೋಶದ ಬಲಕ್ಕೆ ಸರಿದು ನಿಲ್ಲುತ್ತದೆ. 13/01/2024 ಎಂದು ಟೈಪ್ ಮಾಡಿದ್ದು ದಿನಾಂಕವಾಗಲಾರದೆ ಬರೀ ಅಕ್ಷರವಾಗಿ ಎಡಕ್ಕೆ ಉಳಿಯುತ್ತದೆ. ಯಾರಾದರೂ ಕಳುಹಿಸಿದ ಹಾಳೆಯನ್ನು ತೆರೆದ ಕೂಡಲೇ ನಾನು ಮೊದಲು ನೋಡುವುದು ಇದನ್ನೇ. ದಿನಾಂಕದ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ, ಬಲಕ್ಕೆ ಇರುವವುಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿವೆ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಆ ಹಾಳೆಯನ್ನು ಸಿಎಸ್‌ವಿ, ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಪಠ್ಯದ ಕಡತ, ಮಾಡಿ ಕಳುಹಿಸಿದ್ದರೆ ಈ ಸುಳಿವೂ ಅಳಿಸಿಹೋಗಿರುತ್ತದೆ. ಇನ್ನು ಕೆಲವೊಮ್ಮೆ ದಿನಾಂಕದ ಜಾಗದಲ್ಲಿ 45000ದಂಥ ಸಂಖ್ಯೆ ಬರುತ್ತದೆ. ಎಕ್ಸೆಲ್ ದಿನಗಳನ್ನು 1900ರ ಜನವರಿ 1ರಿಂದ ಎಣಿಸುತ್ತದೆ, ಆದ್ದರಿಂದ 45000 ಎಂದರೆ 2023ರ ಮಾರ್ಚ್ 15. ಆ ಎಣಿಕೆಯಲ್ಲಿ 1900ರ ಫೆಬ್ರವರಿ 29 ಎಂಬ ಇಲ್ಲದ ದಿನವೊಂದು ಸೇರಿದೆ. ಎಕ್ಸೆಲ್‌ಗಿಂತ ಹಳೆಯ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿದ್ದ ತಪ್ಪನ್ನು, ಅದರ ಹಾಳೆಗಳು ಎಕ್ಸೆಲ್‌ನಲ್ಲಿಯೂ ಸರಿಯಾಗಿ ತೆರೆಯಲೆಂದು ತಿಳಿದೇ ಉಳಿಸಿಕೊಂಡದ್ದು ಅದು. ಎಕ್ಸೆಲ್‌ನ ಈ ಸ್ವಭಾವಕ್ಕೆ ವಿಜ್ಞಾನಿಗಳೇ ಸೋತದ್ದುಂಟು. ಸೆಪ್ಟ್1, ಮಾರ್ಚ್1 ಎಂಬ ಮನುಷ್ಯನ ಜೀನ್‌ಗಳ ಹೆಸರುಗಳು ಸೆಪ್ಟೆಂಬರ್ 1, ಮಾರ್ಚ್ 1 ಎಂಬ ದಿನಾಂಕಗಳಾಗಿ ಬದಲಾಗುತ್ತಿದ್ದುದರಿಂದ, 2020ರಲ್ಲಿ ಜೀನ್‌ಗಳ ನಾಮಕರಣ ಸಮಿತಿಯೇ ಅವುಗಳ ಹೆಸರುಗಳನ್ನು ಬದಲಾಯಿಸಿತು.

ಕ್ರಮದ ಸಮಸ್ಯೆಗೆ ಪರಿಹಾರ ಸರಳ: ಊಹಿಸುವ ಫಂಕ್ಷನ್‌ಗಳನ್ನು ಬಿಟ್ಟು, ಫಾರ್ಮ್ಯಾಟ್ ಅನ್ನು ನಾವೇ ಬರೆದುಕೊಡಬೇಕು. ಪೈಥಾನ್ ಮತ್ತು ಸಿ ಭಾಷೆಗಳಲ್ಲಿ ಬರಹವನ್ನು ದಿನಾಂಕವಾಗಿಸುವ ಫಂಕ್ಷನ್ ಆದ ಸ್ಟ್ರ್‌ಪಿಟೈಮ್‌ಗೆ ಪರ್ಸೆಂಟ್ ಚಿಹ್ನೆಯ ಮುಂದೆ ಸಣ್ಣ ಡಿ, ಸಣ್ಣ ಎಂ, ದೊಡ್ಡ ವೈ ಬರೆದರೆ ದಿನ, ತಿಂಗಳು, ನಾಲ್ಕಂಕಿಯ ವರ್ಷ ಎಂದಾಗುತ್ತದೆ. ಗೋ ಭಾಷೆಯವರು ಸಂಕೇತಗಳ ಬದಲು 2006ರ ಜನವರಿ 2ರ ಮಧ್ಯಾಹ್ನ 3 ಗಂಟೆ 4 ನಿಮಿಷ 5 ಸೆಕೆಂಡ್ ಎಂಬ ಮಾದರಿ ಕ್ಷಣವನ್ನೇ ಬೇಕಾದ ರೂಪದಲ್ಲಿ ಬರೆಯಿರಿ ಎನ್ನುತ್ತಾರೆ. ತಿಂಗಳು 1, ದಿನ 2, ಗಂಟೆ 3, ನಿಮಿಷ 4, ಸೆಕೆಂಡ್ 5, ವರ್ಷ 6 ಎಂಬ ಸರಣಿ ಚೆನ್ನಾಗಿದೆ, ಆದರೆ ಅದೂ ಅಮೆರಿಕದ ಕ್ರಮವೇ ಆದ್ದರಿಂದ ನಮಗೆ ನೆನಪಿನಲ್ಲಿ ಉಳಿಯುವುದಿಲ್ಲ.

ಫಾರ್ಮ್ಯಾಟ್ ಕೊಟ್ಟ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಬಹುದೆಂದೂ ಅಲ್ಲ. ಜಾವಾದ ಹಳೆಯ ಸಿಂಪಲ್‌ಡೇಟ್‌ಫಾರ್ಮ್ಯಾಟ್‌ನಲ್ಲಿ ದೊಡ್ಡ ಎಂ ತಿಂಗಳು, ಸಣ್ಣ ಎಂ ನಿಮಿಷ. ತಿಂಗಳ ಜಾಗದಲ್ಲಿ ಸಣ್ಣ ಎಂ ಬರೆದು 15/08/1947 ಅನ್ನು ಓದಿಸಿದರೆ 1947ರ ಜನವರಿ 15, ರಾತ್ರಿ 12 ಗಂಟೆ 8 ನಿಮಿಷ ಎಂಬ ಉತ್ತರ ಬರುತ್ತದೆ. ಅದೇ ಸಿಂಪಲ್‌ಡೇಟ್‌ಫಾರ್ಮ್ಯಾಟ್‌ಗೆ 31/06/2023 ಎಂಬ ಇಲ್ಲದ ದಿನವನ್ನು ಕೊಟ್ಟರೆ ಅದು ಜುಲೈ 1 ಎಂದು ಮುಂದಕ್ಕೆ ತಳ್ಳುತ್ತದೆ. ಜಾವಾ 8ರೊಂದಿಗೆ 2014ರಲ್ಲಿ ಬಂದ ಹೊಸ ವ್ಯವಸ್ಥೆ, ನಾವು ಬೇರೆ ಹೇಳದಿದ್ದರೆ, ಅದನ್ನು ಜೂನ್ 30 ಎಂದು ಹಿಂದಕ್ಕೆ ಎಳೆಯುತ್ತದೆ. ಪೈಥಾನ್ ಮಾತ್ರ ಅಂಥ ದಿನವಿಲ್ಲ ಎಂದು ನಿರಾಕರಿಸುತ್ತದೆ. ನನ್ನ ಮಟ್ಟಿಗೆ ಸರಿಯಾದದ್ದು ನಿರಾಕರಣೆಯೇ. ಜೂನ್ 31 ಎಂದು ಬರೆದವರು 30 ಬರೆಯಲು ಹೋಗಿ 31 ಬರೆದರೋ, ಜುಲೈ 31 ಬರೆಯಲು ಹೋಗಿ ಜೂನ್ ಬರೆದರೋ ಎಂಬುದನ್ನು ಕಾಗದ ನೋಡಿದವರು ಹೇಳಬೇಕೇ ಹೊರತು ಲೈಬ್ರರಿ ಹೇಳಲಾಗದು. ಹೊಸ ಜಾವಾದಲ್ಲಿ ಈ ಕಟ್ಟುನಿಟ್ಟು ಬೇಕಿದ್ದರೆ ಸ್ಟ್ರಿಕ್ಟ್ ಎಂಬ ಆಯ್ಕೆಯನ್ನು ಕೇಳಿ ಪಡೆಯಬೇಕು, ಮತ್ತು ಆಗ ವರ್ಷಕ್ಕೆ ನಾಲ್ಕು ವೈ ಬದಲು ನಾಲ್ಕು ಯು ಬರೆಯಬೇಕು.

ಶತಮಾನದ ವಿಷಯಕ್ಕೆ ಬಂದರೆ, 15/08/47 ಎಂಬ ಬರಹವನ್ನು ನೋಡಿ 2047 ಎಂದುಕೊಳ್ಳುವ ಭಾರತೀಯರು ಸಿಗಲಾರರು. ಪೈಥಾನ್ ಹಾಗೆಯೇ ಅಂದುಕೊಳ್ಳುತ್ತದೆ, ಏಕೆಂದರೆ ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್‌ನ ನಿಯಮದ ಪ್ರಕಾರ 69ರಿಂದ 99ರವರೆಗಿನವು ಇಪ್ಪತ್ತನೆಯ ಶತಮಾನಕ್ಕೂ 00ದಿಂದ 68ರವರೆಗಿನವು ಇಪ್ಪತ್ತೊಂದನೆಯ ಶತಮಾನಕ್ಕೂ ಸೇರುತ್ತವೆ. ಎಕ್ಸೆಲ್‌ನ ಗಡಿ 29 ಮತ್ತು 30ರ ನಡುವೆ ಇರುವುದರಿಂದ ಅಲ್ಲಿ ಅದೇ ಬರಹ 1947 ಆಗುತ್ತದೆ. ಸಿಂಪಲ್‌ಡೇಟ್‌ಫಾರ್ಮ್ಯಾಟ್‌ನದು ಓಡಾಡುವ ಗಡಿ: ಪ್ರೋಗ್ರಾಂ ಓಡಿದ ಕ್ಷಣದಿಂದ ಹಿಂದಕ್ಕೆ 80 ವರ್ಷ, ಮುಂದಕ್ಕೆ 20 ವರ್ಷ. ಆದ್ದರಿಂದ ಒಂದಕ್ಷರವೂ ಬದಲಾಗದ ಜಾವಾ ಪ್ರೋಗ್ರಾಂ ಒಂದು 15/08/47 ಅನ್ನು 2027ರ ಆಗಸ್ಟ್ 15ರವರೆಗೆ 1947 ಎಂದು ಓದಿ, ಆ ದಿನ ದಾಟಿದ ಮೇಲೆ 2047 ಎಂದು ಓದತೊಡಗುತ್ತದೆ. ಪಿಂಚಣಿದಾರರ ಪಟ್ಟಿಯನ್ನು ನಿರ್ವಹಿಸುವವರು ಇದನ್ನು ಗಮನಿಸಬೇಕು. ಜನ್ಮದಿನಾಂಕ ಭವಿಷ್ಯದಲ್ಲಿ ಇರಲಾರದು, ಠೇವಣಿ ಮುಗಿಯುವ ದಿನ ಇರಬಹುದು. ಕಾಲಂ ಯಾವುದು ಎಂದು ತಿಳಿದವರು ಮಾತ್ರ ಶತಮಾನವನ್ನು ನಿರ್ಧರಿಸಬಲ್ಲರು.

ಇದುವರೆಗಿನದು ಯಾವ ಭಾಷೆಯವರಿಗಾದರೂ ಎದುರಾಗುವ ತೊಡಕು. ಬರಹ ಕನ್ನಡದಲ್ಲಿದ್ದರೆ ಇನ್ನಷ್ಟು ಸೇರಿಕೊಳ್ಳುತ್ತದೆ. ೧-೬-೧೯೬೫ ಎಂಬುದರಲ್ಲಿನ ವರ್ಷವನ್ನು ಪೈಥಾನ್‌ನ ಇಂಟ್ ಫಂಕ್ಷನ್‌ಗೆ ಕೊಟ್ಟರೆ ಅದು ಯಾವ ತಕರಾರೂ ಇಲ್ಲದೆ 1965 ಎನ್ನುತ್ತದೆ, ಏಕೆಂದರೆ ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡ ಅಂಕಿಗಳಿಗೂ ದಶಮಾಂಶ ಅಂಕಿಗಳೆಂಬ ಗುರುತಿದೆ. ಜಾವಾದ ಪಾರ್ಸ್‌ಇಂಟ್ ಕೂಡ ಒಪ್ಪುತ್ತದೆ. ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ, ಅದರ ನಂಬರ್ ಫಂಕ್ಷನ್ ಇದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಹೀಗಾಗಿ ಒಂದೇ ಅರ್ಜಿ ಸರ್ವರ್‌ನಲ್ಲಿ ಅಂಗೀಕಾರವಾಗಿ ಬ್ರೌಸರ್‌ನಲ್ಲಿ ತಿರಸ್ಕೃತವಾಗುವುದು ಸಾಧ್ಯ. ಮೊದಲ ಹೆಜ್ಜೆಯಾಗಿಯೇ ಹತ್ತೂ ಅಂಕಿಗಳನ್ನು ಬದಲಾಯಿಸಿಕೊಂಡುಬಿಡುವುದು ಒಳ್ಳೆಯದು. ಸೊನ್ನೆಯ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು: ಅಂಕಿಯಾದ ೦ ಮತ್ತು ಅನುಸ್ವಾರದ ಚಿಹ್ನೆ ನೋಡಲು ಒಂದೇ ತರಹ ಇದ್ದರೂ ಅವುಗಳ ಸಂಕೇತಗಳು ಬೇರೆ, ಮತ್ತು ಸ್ಕ್ಯಾನ್ ಮಾಡಿದ ಪುಟಗಳಿಂದ ತೆಗೆದ ಪಠ್ಯದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರುವುದು ಅಪರೂಪವಲ್ಲ.

ತಿಂಗಳ ಹೆಸರುಗಳನ್ನು ಪಟ್ಟಿ ಮಾಡಿ ಹೋಲಿಸಿದರೆ ಸಾಕು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಅತ್ಯಂತ ಚಿಕ್ಕ ಹೆಸರಾದ ಮೇ ಅನ್ನೇ ತೆಗೆದುಕೊಳ್ಳಿ. ಅದನ್ನು ಮ ಮತ್ತು ಏತ್ವ ಎಂಬ ಎರಡು ಸಂಕೇತಗಳಲ್ಲಿ ಬರೆಯಬಹುದು, ಅಥವಾ ಮ, ಎತ್ವ, ಅದರ ಮುಂದೆ ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳಲ್ಲಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿನ ಹೋಲಿಕೆಯಲ್ಲಿ ಎರಡೂ ಬೇರೆ. ಅಕ್ಟೋಬರ್‌ನ ಟೋ ಅಕ್ಷರಕ್ಕೂ ಇದೇ ಪಾಡು. ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣವನ್ನು ಮೊದಲು ನಡೆಸಿದರೆ ಈ ಭೇದ ಅಳಿಯುತ್ತದೆ. ಆದರೆ ಮಾರ್ಚ್, ಏಪ್ರಿಲ್, ಜೂನ್, ಆಗಸ್ಟ್, ಸೆಪ್ಟೆಂಬರ್ ಮುಂತಾಗಿ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ಕೊನೆಯಲ್ಲಿ ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಎಂಬ ಚಿಹ್ನೆ ಕುಳಿತಿರುತ್ತದೆ. ಮುಂದೆ ಬರುವ ಪ್ರತ್ಯಯ ಒತ್ತಕ್ಷರವಾಗದಿರಲಿ ಎಂದು ಟೈಪ್ ಮಾಡುವವರು ಅದನ್ನು ಹಾಕುತ್ತಾರೆ, ಪ್ರತ್ಯಯ ಇಲ್ಲದ ಕಡೆಯೂ ಕೈ ಅಭ್ಯಾಸದಿಂದ ಹಾಕಿಬಿಡುತ್ತಾರೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಬರಹದ ಅಂಚಿನ ಖಾಲಿ ಜಾಗವನ್ನು ತೆಗೆಯುವ ಪೈಥಾನ್‌ನ ಸ್ಟ್ರಿಪ್ ಕೂಡ, ಆ ಚಿಹ್ನೆ ಖಾಲಿ ಜಾಗದ ವರ್ಗಕ್ಕೆ ಸೇರದ ಕಾರಣ, ಅದನ್ನು ತೆಗೆಯುವುದಿಲ್ಲ. ಪ್ರತ್ಯೇಕವಾಗಿ ಹುಡುಕಿ ತೆಗೆಯಬೇಕು. ಇವೆಲ್ಲ ಆದಮೇಲೆ ಏಪ್ರಿಲ್ ಮತ್ತು ಎಪ್ರಿಲ್ ಎಂಬ ಕಾಗುಣಿತದ ವ್ಯತ್ಯಾಸಗಳು, 5ರಂದು, 5ರಿಂದ, 5ರವರೆಗೆ, 5ನೇ ಎಂದು ಅಂಕಿಗೆ ಅಂಟಿಕೊಂಡ ಪ್ರತ್ಯಯಗಳು ಉಳಿದಿರುತ್ತವೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವಾದರೆ, ಇದಕ್ಕೆಲ್ಲ ಮೊದಲು ಯುನಿಕೋಡ್‌ಗೆ ಪರಿವರ್ತಿಸುವ ಕೆಲಸ ಬೇರೆ.

ಗಂಟೆಯನ್ನು ಕನ್ನಡದಲ್ಲಿ ಬರೆಯುವ ರೀತಿಯಂತೂ ಸ್ಟ್ರ್‌ಪಿಟೈಮ್‌ನ ಕೈಗೆ ಸಿಗುವಂಥದ್ದಲ್ಲ. ಆಮಂತ್ರಣ ಪತ್ರಿಕೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನಾವು ಬೆಳಿಗ್ಗೆ 10.30 ಎಂದು ನಡುವೆ ಚುಕ್ಕಿ ಇಟ್ಟು ಬರೆಯುತ್ತೇವೆ. ಎಕ್ಸೆಲ್‌ನ ಕೋಶಕ್ಕೆ ಇದನ್ನು ಬರೀ 10.30 ಎಂದು ಟೈಪ್ ಮಾಡಿದರೆ ಅದು ದಶಮಾಂಶ ಸಂಖ್ಯೆಯಾಗಿ, ಕೊನೆಯ ಸೊನ್ನೆ ಬಿದ್ದುಹೋಗಿ, 10.3 ಆಗುತ್ತದೆ. ಆಮೇಲೆ ಬಂದವರು ಆ ಕೋಶವನ್ನು ಸಮಯದ ರೂಪಕ್ಕೆ ಬದಲಾಯಿಸಿದರೆ ಹತ್ತು ದಿನ ಮತ್ತು ದಿನದ ಹತ್ತನೆಯ ಮೂರು ಪಾಲು ಎಂದು ಲೆಕ್ಕವಾಗಿ 7:12 ಎಂದು ಕಾಣುತ್ತದೆ. ಹತ್ತೂವರೆಯ ಸಭೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಹೇಗೆ ಬಂತೆಂದು ಆ ಹಂತದಲ್ಲಿ ಕಂಡುಹಿಡಿಯುವುದು ಕಷ್ಟ. ಪೂರ್ವಾಹ್ನ, ಅಪರಾಹ್ನ ಎಂಬ ಶಬ್ದಗಳನ್ನು ಕಂಪ್ಯೂಟರಿನ ಕನ್ನಡ ಸೆಟ್ಟಿಂಗ್ ಬಳಸುತ್ತದೆ. ಜನ ಬಳಸುವುದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ, ಬೆಳಗಿನ ಜಾವ ಎಂಬವನ್ನು. ಇವುಗಳಲ್ಲಿ ರಾತ್ರಿಯೇ ಹೆಚ್ಚು ಕಷ್ಟದ್ದು. ರಾತ್ರಿ 9 ಎಂದರೆ 12 ಕೂಡಿಸಿ 21 ಮಾಡಿದರಾಯಿತು. 1947ರ ಆಗಸ್ಟ್ 14ರ ರಾತ್ರಿ 12 ಗಂಟೆಗೆ ದೇಶ ಸ್ವತಂತ್ರವಾಯಿತು ಎಂಬ ವಾಕ್ಯದಲ್ಲಿರುವ ಕ್ಷಣ ಆಗಸ್ಟ್ 15ರ ಸೊನ್ನೆ ಗಂಟೆ. ಅದನ್ನೇ ಆಗಸ್ಟ್ 14, 12 ಎಎಂ ಎಂದು ಮಾಡಿ ಫಂಕ್ಷನ್‌ಗೆ ಕೊಟ್ಟರೆ ಅದು ಆಗಸ್ಟ್ 14ರ ಸೊನ್ನೆ ಗಂಟೆ ಎಂದು ಓದುತ್ತದೆ, ಸ್ವಾತಂತ್ರ್ಯ ಪೂರ್ತಿ 24 ಗಂಟೆ ಮುಂಚಿತವಾಗಿ ಬಂದುಬಿಡುತ್ತದೆ. ಭಾನುವಾರ ರಾತ್ರಿ 1 ಗಂಟೆ ಎಂದು ನಾವು ಹೇಳುವುದೂ ಬಹಳ ಸಲ ಸೋಮವಾರದ ಮೊದಲ ಗಂಟೆಯನ್ನೇ, ಏಕೆಂದರೆ ಆಡುಮಾತಿನ ದಿನ ಇವತ್ತಿಗೂ ಬೆಳಗಾಗುವವರೆಗೆ ಮುಗಿಯುವುದಿಲ್ಲ. ರಾತ್ರಿ ಎಂಬ ಶಬ್ದದ ಮುಂದೆ 12ರಿಂದ 3ರವರೆಗಿನ ಗಂಟೆ ಬಂದರೆ ನನ್ನ ಪ್ರೋಗ್ರಾಂ ತಾನಾಗಿ ನಿರ್ಧರಿಸದೆ, ಆ ಸಾಲನ್ನು ಮನುಷ್ಯರು ನೋಡಲೆಂದು ಬದಿಗೆ ಇಡುತ್ತದೆ.

ಗಂಟೆ ಸಿಕ್ಕಿತೆಂದರೆ ಮುಂದಿನ ಪ್ರಶ್ನೆ ಯಾವ ಊರಿನದು ಎಂಬುದು. ಇಡೀ ದೇಶಕ್ಕೆ ಒಂದೇ ಸಮಯ, ಬೇಸಿಗೆಗೆ ಗಡಿಯಾರ ಬದಲಿಸುವ ಪದ್ಧತಿ ಇಲ್ಲ; ಹಾಗಾಗಿ ನಮಗೆ ಈ ಪ್ರಶ್ನೆ ಸಹಜವಾಗಿ ಹೊಳೆಯುವುದೇ ಇಲ್ಲ. ಐಎಸ್‌ಟಿ ಎಂದು ಬರೆದರೆ ಸಾಕು ಎಂದುಕೊಳ್ಳುತ್ತೇವೆ. ಜಾವಾ ಆ ಮೂರಕ್ಷರವನ್ನು ಭಾರತದ ಸಮಯ ಎಂದೇ ತಿಳಿಯುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೂಲ ಪಟ್ಟಿಯಲ್ಲಿ ಅದು ಇಸ್ರೇಲಿನ ಸಮಯ; ಭಾರತದ್ದಾಗಬೇಕಿದ್ದರೆ ಇಂಡಿಯಾ ಎಂಬ ಬೇರೆ ಪಟ್ಟಿಯನ್ನು ಆಯ್ದುಕೊಳ್ಳಬೇಕು. ಎರಡರ ನಡುವಿನ ಅಂತರ ಮೂರೂವರೆ ಗಂಟೆ. ಸಂಕ್ಷೇಪಾಕ್ಷರಗಳ ಬದಲು, ಯುಟಿಸಿ ಎಂಬ ವಿಶ್ವ ಪ್ರಮಾಣ ಸಮಯಕ್ಕಿಂತ ಎಷ್ಟು ಮುಂದೆ ಎಂದು ತಿಳಿಸುವ +05:30 ಎಂದೋ ಏಷ್ಯಾ/ಕೋಲ್ಕತಾ ಎಂಬ ವಲಯದ ಹೆಸರನ್ನೋ ಬರೆಯುವುದು ಈ ಕಾರಣಕ್ಕೇ. ಆ ವಲಯದ ಹೆಸರಿನಲ್ಲಿ ಇತಿಹಾಸವೂ ಅಡಗಿದೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ಭಾರತದ ಗಡಿಯಾರಗಳು ಒಂದು ಗಂಟೆ ಮುಂದಿದ್ದವು. ಅಜ್ಜಿಯ ಜಾತಕಕ್ಕೆಂದು 1943ರ ಜನನ ಸಮಯವನ್ನು ಕೊಟ್ಟರೆ ಸರಿಯಾದ ಲೈಬ್ರರಿ ಅದನ್ನು +06:30 ಎಂದು ಹಿಡಿಯುತ್ತದೆ. ಬರೀ +05:30 ಎಂದು ಬರೆದುಕೊಂಡ ಪ್ರೋಗ್ರಾಂ ಒಂದು ಗಂಟೆ ತಪ್ಪುತ್ತದೆ, ಮತ್ತು ಒಂದು ಗಂಟೆಯಲ್ಲಿ ಲಗ್ನ ಬದಲಾಗಬಹುದು. ಪೈಥಾನ್‌ನ ಹಳೆಯ ಪೈಟಿಝಡ್ ಲೈಬ್ರರಿಯಲ್ಲಿ ಈ ವಲಯವನ್ನು ನೇರವಾಗಿ ದಿನಾಂಕಕ್ಕೆ ಅಂಟಿಸಿದರೆ +05:53 ಎಂಬ ವಿಚಿತ್ರ ಅಂತರ ಬರುವುದನ್ನು ಅನೇಕರು ನೋಡಿರಬಹುದು. ಅದು ಏಕರೂಪದ ಸಮಯ ಬರುವುದಕ್ಕೆ ಮೊದಲಿದ್ದ ಕಲ್ಕತ್ತೆಯ ಸ್ಥಳೀಯ ಸಮಯ. 3.9ನೇ ಆವೃತ್ತಿಯಿಂದ ಪೈಥಾನ್‌ನಲ್ಲೇ ಇರುವ ಝೋನ್‌ಇನ್ಫೋ ಬಳಸಿದರೆ ಈ ಕಾಟವಿಲ್ಲ.

ಸಮಯವೇ ಇಲ್ಲದ ಬರೀ ದಿನಾಂಕಕ್ಕೂ ವಲಯದ ಪೀಡೆ ತಟ್ಟುತ್ತದೆ, ಮತ್ತು ಜಾವಾಸ್ಕ್ರಿಪ್ಟ್ ಬರೆಯುವವರು ಅತಿ ಹೆಚ್ಚು ಎದುರಿಸುವುದು ಇದನ್ನೇ. ಅದರ ಡೇಟ್‌ಗೆ 2024-11-01 ಎಂದು ಕೊಟ್ಟರೆ ಅದು ಯುಟಿಸಿಯ ಮಧ್ಯರಾತ್ರಿ ಎಂದು ಹಿಡಿಯುತ್ತದೆ. ಅದೇ ಬರಹದ ಮುಂದೆ ಗಂಟೆಯನ್ನೂ ಸೇರಿಸಿದರೆ ಸ್ಥಳೀಯ ಸಮಯ ಎಂದು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಯುಟಿಸಿಯ ಮಧ್ಯರಾತ್ರಿ ಎಂದರೆ ಅದೇ ದಿನದ ಬೆಳಗಿನ 5:30, ಆದ್ದರಿಂದ ದಿನಾಂಕ ಸರಿಯಾಗಿಯೇ ಕಾಣುತ್ತದೆ. ನ್ಯೂಜೆರ್ಸಿಯ ಕನ್ನಡಿಗರು ಅದೇ ಪುಟವನ್ನು ತೆರೆದರೆ ಅವರಿಗೆ ಅದು ಅಕ್ಟೋಬರ್ 31ರ ರಾತ್ರಿ 8 ಗಂಟೆ, ರಾಜ್ಯೋತ್ಸವ ಒಂದು ದಿನ ಮೊದಲೇ ಬಂದಿರುತ್ತದೆ. ಬೆಂಗಳೂರಿನವರಿಗೆ ಪೆಟ್ಟು ಬೀಳುವುದು ತಿರುಗಿ ಬರೆಯುವಾಗ. ಕ್ಯಾಲೆಂಡರ್‌ನಲ್ಲಿ ನವೆಂಬರ್ 1ನ್ನು ಒತ್ತಿದರೆ ಸಿಗುವುದು ಇಲ್ಲಿನ ಮಧ್ಯರಾತ್ರಿ. ಅದನ್ನು ಐಎಸ್‌ಒ ಮಾನದಂಡದ ವರ್ಷ-ತಿಂಗಳು-ದಿನ ರೂಪಕ್ಕೆ ತಂದಾಗ ಯುಟಿಸಿಯಲ್ಲಿ ಅಕ್ಟೋಬರ್ 31ರ 18:30 ಆಗುತ್ತದೆ. ದಿನಾಂಕ ಮಾತ್ರ ಸಾಕೆಂದು ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿಕೊಂಡರೆ ಡೇಟಾಬೇಸಿಗೆ ಹೋಗುವುದು 2024-10-31. ತಿದ್ದಲೆಂದು ಫಾರಂ ತೆರೆದು ಮತ್ತೆ ಉಳಿಸಿದಾಗಲೂ ಇದೇ ದಾರಿಯಲ್ಲಿ ಹಾದುಹೋದರೆ ಇನ್ನೊಂದು ದಿನ ಹಿಂದಕ್ಕೆ ಜಾರುತ್ತದೆ. ಜನ್ಮದಿನ, ಹಬ್ಬ, ಕಂತು ಕಟ್ಟುವ ದಿನ ಇವು ಕ್ಷಣಗಳಲ್ಲ. ಅವನ್ನು ಕ್ಷಣವನ್ನು ಸೂಚಿಸುವ ಟೈಪ್‌ನಲ್ಲಿ ಇಡಲೇಬಾರದು. ವರ್ಷ, ತಿಂಗಳು, ದಿನ ಎಂಬ ಮೂರು ಸಂಖ್ಯೆಗಳಾಗಿಯೇ ಇಡಬೇಕು. ಬ್ಯಾಂಕಿನ ವಹಿವಾಟು, ರೈಲು ಹೊರಟ ಹೊತ್ತು ಇವು ಕ್ಷಣಗಳು, ಇವಕ್ಕೆ ವಲಯ ಬೇಕು.

ಬರೆಯುವ ಕಡೆಯೂ ನಮ್ಮ ಹಿಡಿತದಲ್ಲಿದ್ದರೆ ಹೆಚ್ಚು ಮಾತು ಬೇಕಿಲ್ಲ. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಮಾನದಂಡದ ವರ್ಷ-ತಿಂಗಳು-ದಿನ ಕ್ರಮವನ್ನು, ಅಂತರ್ಜಾಲಕ್ಕಾಗಿ ಅದನ್ನು ಬಿಗಿಗೊಳಿಸಿದ 2002ರ ಆರ್‌ಎಫ್‌ಸಿ 3339ರ ರೂಪದಲ್ಲಿ ಬಳಸಿದರೆ ಮೇಲಿನ ಬಹುಪಾಲು ತೊಡಕುಗಳು ಹುಟ್ಟುವುದೇ ಇಲ್ಲ. ಅದರಲ್ಲಿಯೂ ಸಣ್ಣಪುಟ್ಟ ಕಿರಿಕಿರಿ ಇತ್ತು: ಯುಟಿಸಿ ಎಂದು ಸೂಚಿಸುವ ಕೊನೆಯ ಝಡ್ ಅಕ್ಷರವನ್ನು ಪೈಥಾನ್‌ನ ಫ್ರಮ್‌ಐಸೊಫಾರ್ಮ್ಯಾಟ್ 3.11ನೇ ಆವೃತ್ತಿ ಬರುವವರೆಗೆ ಒಪ್ಪುತ್ತಿರಲಿಲ್ಲ.

ಮನುಷ್ಯರು ಬರೆದ ಕಾಗದದಿಂದ ಬಂದ ದಿನಾಂಕಗಳಿಗೆ ಇನ್ನೊಂದು ಸ್ವಭಾವವಿದೆ, ಅವು ಅಪೂರ್ಣವಾಗಿರುತ್ತವೆ. ಆಧಾರ್ ಕಾರ್ಡುಗಳಲ್ಲಿಯೇ ಅನೇಕವು ಹುಟ್ಟಿದ ವರ್ಷವನ್ನು ಮಾತ್ರ ಹೇಳುತ್ತವೆ. 1965 ಎಂಬುದನ್ನು ಸ್ಟ್ರ್‌ಪಿಟೈಮ್‌ಗೆ ವರ್ಷವೆಂದು ಕೊಟ್ಟರೆ ಅದು ಜನವರಿ 1 ಸೇರಿಸುತ್ತದೆ. ಡೇಟ್‌ಯುಟಿಲ್ ಇವತ್ತಿನ ತಿಂಗಳು ಮತ್ತು ದಿನವನ್ನು ಸೇರಿಸುತ್ತದೆ, ಆದ್ದರಿಂದ ಸೋಮವಾರ ಓಡಿಸಿದರೆ ಒಂದು ಜನ್ಮದಿನ, ಮಂಗಳವಾರ ಓಡಿಸಿದರೆ ಇನ್ನೊಂದು. ಪಿಎಚ್‌ಪಿಯ ಸ್ಟ್ರ್‌ಟುಟೈಮ್‌ಗೆ 1945 ಎಂದು ಕೊಟ್ಟರೆ ಅದನ್ನು ಗಂಟೆ ಮತ್ತು ನಿಮಿಷ ಎಂದು ತಿಳಿದು ಇವತ್ತಿನ ಸಂಜೆ 7:45 ಎನ್ನುತ್ತದೆ. ಎಂಬತ್ತು ದಾಟಿದ ಹಿರಿಯರು ಇವತ್ತು ಹುಟ್ಟಿದ ಕೂಸಾಗುತ್ತಾರೆ.

ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ನಾನು ಇಡುವ ಕಾಲಂಗಳು ಮೂರು. ಮೊದಲನೆಯದು ಕಾಗದದಲ್ಲಿ ಇದ್ದಂತೆಯೇ ಇರುವ ಬರಹ, ಅದನ್ನು ಎಂದಿಗೂ ತಿದ್ದುವುದಿಲ್ಲ. ಎರಡನೆಯದು ಪರಿವರ್ತನೆಯಾದ ದಿನಾಂಕ, ಅನುಮಾನವಿದ್ದರೆ ಅದು ಖಾಲಿ. ಮೂರನೆಯದು ಎಷ್ಟರಮಟ್ಟಿಗೆ ಗೊತ್ತು ಎಂಬುದರ ಗುರುತು: ದಿನದವರೆಗೆ, ತಿಂಗಳವರೆಗೆ, ವರ್ಷದವರೆಗೆ. ಫಾರ್ಮ್ಯಾಟ್ ತಪ್ಪಾಗಿತ್ತೆಂದು ಮುಂದೆ ತಿಳಿದರೂ ಮೊದಲ ಕಾಲಂ ಇರುವುದರಿಂದ ಮತ್ತೊಮ್ಮೆ ಓಡಿಸಬಹುದು. ಜೂನ್ 1 ಎಂದಿರುವ ಹಳೆಯ ಸಾಲುಗಳಿಗೆ ದಿನದವರೆಗೆ ಗೊತ್ತು ಎಂಬ ಗುರುತನ್ನೇ ಹಾಕುತ್ತೇನೆ, ಏಕೆಂದರೆ ಮೇಷ್ಟ್ರು ಬರೆದದ್ದೇ ಆಗಿದ್ದರೂ ಕಾನೂನಿನ ಕಣ್ಣಿಗೆ ಅದೇ ಜನ್ಮದಿನಾಂಕ. ವರ್ಷ ಮಾತ್ರ ಗೊತ್ತಿರುವ ಸಾಲುಗಳ ವಯಸ್ಸನ್ನು ವರದಿಯಲ್ಲಿ ಸುಮಾರು ಎಂಬ ಶಬ್ದ ಸೇರಿಸಿಯೇ ಮುದ್ರಿಸುತ್ತೇನೆ, ಮತ್ತು ವರದಿಯ ವರ್ಷದಲ್ಲಿ 60 ತುಂಬುವವರ ಹೆಸರುಗಳನ್ನು ಮಾತ್ರ ಬೇರೆ ಪಟ್ಟಿ ಮಾಡಿ, ಶಾಲೆಯ ವರ್ಗಾವಣೆ ಪತ್ರವನ್ನೋ ಬೇರೆ ಯಾವುದಾದರೂ ದಾಖಲೆಯನ್ನೋ ತರಿಸಿ ನೋಡುವಂತೆ ಕಚೇರಿಯವರಿಗೆ ಕೊಡುತ್ತೇನೆ.